ಸಂದರ್ಭ ಸಹಿತ ವಿವರಿಸಿ



ಹತ್ತನೇ ಕ್ಲಾಸಿನ ಕನ್ನಡ ಪ್ರಶ್ನೆಪತ್ರಿಕೆ ನೆನಪಿದೆಯೇ? ಬಿಟ್ಟ ಸ್ಥಳ ತುಂಬಿ, ಸಂಧಿ ಬಿಡಿಸಿ, ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ - ಇವೆಲ್ಲದರ ನಡುವೆ ಒಂದು ಪ್ರಶ್ನೆ ತಪ್ಪದೇ ಇರುತ್ತಿತ್ತು. 'ಈ ಕೆಳಗಿನ ವಾಕ್ಯಗಳನ್ನು ಸಂದರ್ಭ ಸಹಿತ ವಿವರಿಸಿ.' ಉತ್ತರಕ್ಕೆ ಒಂದು ಅಚ್ಚು ಇತ್ತು. 'ಪ್ರಸ್ತುತ ವಾಕ್ಯವನ್ನು ಇಂಥ ಕವಿಯ ಇಂಥ ಪದ್ಯದಿಂದ ಆರಿಸಿಕೊಳ್ಳಲಾಗಿದೆ. ಈ ಮಾತನ್ನು ಇಂಥವರು ಇಂಥವರಿಗೆ ಹೇಳಿದ್ದಾರೆ.' ಪಾಠ ಓದಿರದಿದ್ದರೂ ಪರವಾಗಿಲ್ಲ, 'ಶ್ರೀಕೃಷ್ಣನು ಅರ್ಜುನನಿಗೆ ಹೇಳಿದ್ದಾನೆ' ಎಂದು ಬರೆದು ಅರ್ಧ ಅಂಕಕ್ಕೆ ಕಾಯುತ್ತಿದ್ದ ಮಹಾನುಭಾವರು ನಮ್ಮ ಕ್ಲಾಸಿನಲ್ಲಿ ಬಹಳ ಜನ ಇದ್ದರು. ನಾನೂ ಒಬ್ಬ.

ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದನ್ನು ಕಟ್ಟಿಕೊಂಡು ನನಗೇನಾಗಬೇಕು ಎಂದು ಆಗ ಗೊಣಗಿದ್ದೆ. ಆ ಪ್ರಶ್ನೆಯ ಬೆಲೆ ಗೊತ್ತಾಗಿದ್ದು ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಅದೂ ಇಲ್ಲಿ, ಈ ದೇಶದಲ್ಲಿ, ನಮ್ಮ ಕೂಟದ ರಾಜ್ಯೋತ್ಸವ ಮುಗಿಸಿ ಮನೆಗೆ ಮರಳುವಾಗ, ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಅಮ್ಮನಿಂದ.

2014ರ ನವೆಂಬರ್. ಆ ವರ್ಷ ನಾನು ಸಾಂಸ್ಕೃತಿಕ ಕಾರ್ಯದರ್ಶಿ. ಅಂದರೆ ಏನೆಂದು ನಿಮಗೆ ಗೊತ್ತೇ ಇದೆ. ಮೂವತ್ತೊಂದು ಐಟಮ್ಮು, ಬಾಡಿಗೆಗೆ ಹಿಡಿದ ಒಂದು ಶಾಲೆಯ ಆಡಿಟೋರಿಯಂ, ರಾತ್ರಿ ಒಂಬತ್ತೂವರೆಗೆ ಬೀಗ ಹಾಕಲು ಕಾದು ನಿಂತ ಕಾವಲುಗಾರ. ಹಾಗಾಗಿ ಒಂದೊಂದು ಐಟಮ್ಮಿಗೆ ಐದೇ ನಿಮಿಷ ಎಂಬ ನಿಯಮ ಮಾಡಿ, ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ಸೈಡ್‌ವಿಂಗಿನಲ್ಲಿ ನಿಂತಿದ್ದೆ. ಹೊಸದಾಗಿ ಮದುವೆಯಾಗಿ ಬಂದಿದ್ದ ಒಂದು ಜೋಡಿ ಬೇಂದ್ರೆಯವರ ಹಾಡೊಂದನ್ನು ಆರಿಸಿಕೊಂಡಿತ್ತು. ಗಂಡ ಹೆಂಡತಿಗೆ, ನನ್ನನ್ನು ಹಾಗೆ ನೋಡಬೇಡ ಎನ್ನುವ ಹಾಡು. ಯಾವುದೆಂದು ನಿಮಗೆಲ್ಲ ಗೊತ್ತಾಗಿರುತ್ತದೆ. ರಿಹರ್ಸಲ್ಲಿನಲ್ಲಿ ಪೂರ್ತಿ ಹಾಡಿದರೆ ಏಳೂವರೆ ನಿಮಿಷ ಬಂತು. 'ಪಲ್ಲವಿ ಹಾಡಿ, ಆ ತುಟಿಯ ಮಾತು ಬರುವ ನುಡಿ ಅರ್ಧ ಹಾಡಿ, ಮತ್ತೆ ಪಲ್ಲವಿಗೆ ಬಂದು ನಿಲ್ಲಿಸಿಬಿಡಿ' ಎಂದು ಕತ್ತರಿ ಹಾಕಿದವನು ನಾನೇ.

ಹಾಡು ಭರ್ಜರಿ ಹಿಟ್ಟಾಯಿತು. ಹುಡುಗಿ ಇಳಕಲ್ ಸೀರೆಯ ಸೆರಗಿನಿಂದ ಮುಖ ಮುಚ್ಚಿಕೊಳ್ಳುವುದು, ಹುಡುಗ ಗಿಟಾರ್ ಹಿಡಿದು ಅವಳ ಸುತ್ತ ತಿರುಗುವುದು, ಹಿಂದಿನ ಸಾಲಿನಿಂದ ಸಿಳ್ಳೆ, 'ಒನ್ಸ್ ಮೋರ್'! ನಾನೂ ಸೈಡ್‌ವಿಂಗಿನಲ್ಲಿ ನಿಂತು ಚಪ್ಪಾಳೆ ಹೊಡೆದೆ. ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ಮುಗಿದಿದ್ದಕ್ಕೆ ಇನ್ನೂ ಸಂತೋಷ.

ಆಗ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ನಮ್ಮದು ಧಾರವಾಡದ ಕಡೆ. ಬೇಂದ್ರೆಯವರು ಸಾಧನಕೇರಿಯಿಂದ ನಡೆದು ಹೋಗುವುದನ್ನು ಕಣ್ಣಾರೆ ಕಂಡವಳು ಅವಳು. ಹೈವೇ ಹತ್ತಿದ ಮೇಲೆ, ಕಾರ್ಯಕ್ರಮ ಹೇಗಿತ್ತಮ್ಮಾ ಎಂದು ಕೇಳಿದೆ. ಚಿತ್ರಾನ್ನ ಚೆನ್ನಾಗಿತ್ತು ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಆ ಹಾಡಿಗೆ ಯಾಕ ಎಲ್ಲಾರೂ ನಕ್ಕರು?' ಎಂದಳು.

ಯಾವ ಹಾಡು ಎಂದು ನನಗೆ ತಕ್ಷಣ ತಿಳಿಯಲಿಲ್ಲ.

'ಅದು ಕುಣ್ಯಾಕ ಬರೆದದ್ದಲ್ಲೋ ತಮ್ಮಾ. ಕೂಸು ಹೋದ ಮನ್ಯಾಗಿನ ಹಾಡು ಅದು.' ಆಮೇಲೆ, ನಾನು ಕೇಳದೇ ಇದ್ದರೂ, ನನಗಿಂತ ಮುಂಚೆ ಹುಟ್ಟಿ ಹನ್ನೊಂದು ತಿಂಗಳಿಗೆ ಹೋದ ಮಗುವಿನ ಮಾತು ತೆಗೆದಳು. ಅಂಥದ್ದೊಂದು ಆಗಿತ್ತೆಂದು ನನಗೆ ಗೊತ್ತಿತ್ತು, ಅಷ್ಟೇ. 'ಅವತ್ತ ನಾ ನಿಮ್ಮಪ್ಪನ ಮಾರಿ ಒಂದ ಸಲ ನೋಡಿದೆ. ಅವರು ಮಾರಿ ತಿರುವಿಕೊಂಡು ಹಿತ್ತಲಕ್ಕ ಹೋದರು. ನನಗ ಅಳೂನೂ ಬರಲಿಲ್ಲ.' ಇಷ್ಟು ಹೇಳಿ ಸುಮ್ಮನಾದಳು. ಮನೆ ಮುಟ್ಟುವ ತನಕ ನಮ್ಮಿಬ್ಬರಲ್ಲಿ ಮಾತಿಲ್ಲ.

ಮನೆಗೆ ಬಂದು ಹಾಡನ್ನು ಪೂರ್ತಿಯಾಗಿ, ಒಂದೊಂದೇ ನುಡಿಯಾಗಿ ಓದಿದೆ. ನಾಚಿಕೆಯಾಯಿತು ಸ್ವಾಮಿ. ಬೇಂದ್ರೆ ದಂಪತಿಗೆ ಹುಟ್ಟಿದ ಮಕ್ಕಳಲ್ಲಿ ಹಲವರು ಉಳಿಯಲಿಲ್ಲ ಎಂಬುದು, ಈ ಹಾಡು ಅಂಥ ಒಂದು ಸಾವಿನ ಮುಂದೆ ಹುಟ್ಟಿದ್ದು ಎಂಬುದು ಧಾರವಾಡದ ಕಡೆಯವರಿಗೆ ಗೊತ್ತಿರುವ ಮಾತು. ಆದರೆ ಅದು ಗೊತ್ತಿಲ್ಲದಿದ್ದರೂ ಹಾಡೇ ಎಲ್ಲವನ್ನೂ ಹೇಳುತ್ತದೆ. ಅದರಲ್ಲಿ ಮಲಗಿರುವ ಕೂಸಿದೆ. ಹಗಲಿನ ಮುಗಿಲಲ್ಲಿ ಬಿಳಿಚಿಕೊಂಡು ತೇಲುವ ಹುಣ್ಣಿಮೆಯ ಚಂದ್ರನನ್ನು ಶವವಾಗಿ ಕಂಡ ಒಂದು ಭಯಂಕರ ಚಿತ್ರವಿದೆ. ನಾವು ಸಿಳ್ಳೆ ಹೊಡೆದ ಆ ತುಟಿಯ ಮಾತು ಶೃಂಗಾರವಲ್ಲ, ಇದ್ದ ಕೆಂಪೆಲ್ಲ ಎಲ್ಲಿ ಹಾರಿಹೋಯಿತು ಎಂಬ ಗಾಬರಿ. ಅದೇ ನುಡಿಯ ಕೊನೆಗೆ ಸಾವಿನ ಹೆಸರೇ ಬರುತ್ತದೆ. ನಾನು ಸ್ಟಾಪ್‌ವಾಚ್ ಹಿಡಿದು ಕತ್ತರಿಸಿದ್ದು ಸರಿಯಾಗಿ ಅದರ ಹಿಂದಿನ ಸಾಲಿಗೆ! ಕೊನೆಯಲ್ಲಿ ಗಂಡ ಹೆಂಡತಿಯನ್ನು ಕೇಳಿಕೊಳ್ಳುವುದು ಒಂದೇ - ಸುಳ್ಳು ನಗು ಬೇಡ, ಅಳು ಬಂದರೆ ತಡೆಯಬೇಡ, ಅತ್ತುಬಿಡು ಎಂದು.

ಸಂದರ್ಭವೆಂದರೆ ಎಲ್ಲೋ ಲೈಬ್ರರಿಯಲ್ಲಿ ಹುಡುಕಬೇಕಾದ ವಸ್ತು ಎಂದು ನಾವು ತಿಳಿದಿರುತ್ತೇವೆ. ಮೊದಲ ಸಂದರ್ಭ ಪದ್ಯದ ಒಳಗೇ ಇರುತ್ತದೆ, ಉಳಿದ ನುಡಿಗಳಲ್ಲಿ. ಅದನ್ನು ಕತ್ತರಿಸಿದ್ದು ಕಾಲವಲ್ಲ, ಪರದೇಶವಲ್ಲ, ಇಂಗ್ಲಿಷಲ್ಲ. ನಮ್ಮ ಐದು ನಿಮಿಷದ ನಿಯಮ.

ಈ ವಿಷಯವನ್ನು ಒಂದು ಪಾಟ್‌ಲಕ್ಕಿನಲ್ಲಿ ತೆಗೆದಾಗ ನಮ್ಮ ಸ್ನೇಹಿತರೊಬ್ಬರು ನನ್ನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಅವರು ನನಗಿಂತ ಹೆಚ್ಚು ಓದಿಕೊಂಡವರು. 'ನೋಡಿ, ನೋವು ನನ್ನ ಪಾಲಿಗಿರಲಿ, ನಿಮಗೆ ಅದರ ಹಾಡನ್ನಷ್ಟೇ ಕೊಡುತ್ತೇನೆ ಎಂಬ ಅರ್ಥದಲ್ಲಿ ಬೇಂದ್ರೆಯವರೇ ಬರೆದಿದ್ದಾರೆ. ಕವಿಯೇ ಬಚ್ಚಿಟ್ಟಿದ್ದನ್ನು ನೀವು ಯಾಕೆ ಕೆದಕುತ್ತೀರಿ? ಹಾಡು ಚೆನ್ನಾಗಿದ್ದರೆ ಸಾಕು. ಪ್ರತಿಯೊಂದು ಪದ್ಯಕ್ಕೂ ಕವಿಯ ಮನೆಯ ಡೆತ್ ಸರ್ಟಿಫಿಕೇಟ್ ಬೇಕೇ?' ಎಂದರು. ಎಲ್ಲರೂ ನಕ್ಕರು. ನನಗೆ ಆಗ ಉತ್ತರ ಹೊಳೆಯಲಿಲ್ಲ (ನನಗೆ ಉತ್ತರಗಳು ಯಾವಾಗಲೂ ಪಾತ್ರೆ ತೊಳೆಯುವಾಗಲೇ ಹೊಳೆಯುವುದು).

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ಕವಿಯ ಜೀವನದ ಘಟನೆಯನ್ನು ಪದ್ಯದ ಹಣೆಗೆ ಮೊಳೆ ಹೊಡೆದು ನೇತುಹಾಕಿದರೆ ಪದ್ಯ ಚಿಕ್ಕದಾಗುತ್ತದೆ. ಇದು ಬೇಂದ್ರೆಯವರ ಮನೆಯ ಕಥೆ ಮಾತ್ರವಾಗಿದ್ದರೆ ನನ್ನ ಅಮ್ಮನಿಗೆ ಅದು ತನ್ನ ಕಥೆ ಎನ್ನಿಸುತ್ತಿರಲಿಲ್ಲ. ಆದರೆ ಆ ಕವಿ ಹಾಡನ್ನು ಕೊಟ್ಟು, ಅದರಿಂದ ನಿಮ್ಮ ಎದೆ ಕರಗಿದರೆ ಆ ಸವಿಯನ್ನು ನನಗೂ ಹನಿಸಿ ಎಂದೂ ಕೇಳಿದ್ದಾರಲ್ಲ? ಬೇವಿನ ರುಚಿಯ ಹಾಡನ್ನು ಬೆಲ್ಲವೆಂದು ನುಂಗಿದರೆ, ಕೊಟ್ಟಿದ್ದನ್ನು ತೆಗೆದುಕೊಂಡಂತಾಯಿತೇ? ಡೆತ್ ಸರ್ಟಿಫಿಕೇಟ್ ಬೇಡ. ಯಾರು ಯಾರಿಗೆ ಹೇಳುತ್ತಿದ್ದಾರೆ, ಎದುರಿಗೆ ಏನಿದೆ, ಇಷ್ಟಾದರೂ ಬೇಕು. ಹತ್ತನೇ ಕ್ಲಾಸಿನ ಮೇಷ್ಟ್ರು ಕೇಳುತ್ತಿದ್ದುದೂ ಅಷ್ಟನ್ನೇ.

ಈ 'ಯಾರು ಯಾರಿಗೆ' ಎಂಬುದನ್ನು ಚೆನ್ನಾಗಿ ತಿಳಿದವರೊಬ್ಬರು ನಮ್ಮ ಹಾಗೆಯೇ ಇಲ್ಲಿಗೆ ಬಂದು ನೆಲೆಸಿದವರು. ಎ.ಕೆ. ರಾಮಾನುಜನ್. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1959ರಲ್ಲಿ ಅಮೆರಿಕಕ್ಕೆ ಬಂದು, 1993ರಲ್ಲಿ ತೀರಿಕೊಳ್ಳುವವರೆಗೂ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು, ಅಲ್ಲಿದ್ದುಕೊಂಡೇ ಕನ್ನಡದಲ್ಲಿ ಪದ್ಯ ಬರೆದವರು. 1989ರಲ್ಲಿ ಪ್ರಕಟವಾದ ಅವರದೊಂದು ಇಂಗ್ಲಿಷ್ ಪ್ರಬಂಧವಿದೆ, ಭಾರತೀಯ ರೀತಿಯ ಚಿಂತನೆ ಎಂಬುದೊಂದು ಇದೆಯೇ ಎಂದು ಕೇಳುವಂಥದ್ದು. ಗಣಿತದ ಪ್ರೊಫೆಸರಾಗಿದ್ದ ತಮ್ಮ ತಂದೆ ಖಗೋಳಶಾಸ್ತ್ರವನ್ನೂ ಜ್ಯೋತಿಷ್ಯವನ್ನೂ ಒಂದೇ ತಲೆಯಲ್ಲಿ ಹೇಗೆ ಇಟ್ಟುಕೊಂಡಿದ್ದರು ಎಂಬ ಮಗನ ಕಿರಿಕಿರಿಯಿಂದ ಅದು ಶುರುವಾಗುತ್ತದೆ. ಮುಂದೆ ಅವರು ಹೇಳುವುದು ಸ್ಥೂಲವಾಗಿ ಇಷ್ಟು: ನಮ್ಮಲ್ಲಿ ಧರ್ಮ, ನಿಯಮ, ಸಂಗೀತ, ಕಥೆ ಯಾವುದೂ ಗಾಳಿಯಲ್ಲಿ ನಿಂತಿರುವುದಿಲ್ಲ. ಎಲ್ಲಕ್ಕೂ ಒಂದು ಹೊತ್ತು, ಒಂದು ಜಾಗ, ಕೇಳುವ ಒಬ್ಬ ವ್ಯಕ್ತಿ ಇರಬೇಕು.

ಅಲ್ಲಿ ಬರುವ ಒಂದು ಉದಾಹರಣೆ ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದುದೇ. ನಳ ದಮಯಂತಿಯ ಕಥೆ. ಅದನ್ನು ಅಮರ ಚಿತ್ರ ಕಥೆಯ ಪುಸ್ತಕದಲ್ಲಿ ಓದಿದರೆ ಹಂಸ, ಸ್ವಯಂವರ, ಸುಖಾಂತ್ಯ. ಆದರೆ ಮಹಾಭಾರತದಲ್ಲಿ ಆ ಕಥೆಯನ್ನು ಬೃಹದಶ್ವ ಎಂಬ ಋಷಿ ಹೇಳುವುದು ಯಾರಿಗೆ? ಜೂಜಿನಲ್ಲಿ ರಾಜ್ಯ ಕಳೆದುಕೊಂಡು ಕಾಡಿನಲ್ಲಿ ಕೂತಿರುವ ಧರ್ಮರಾಯನಿಗೆ. ನನಗಿಂತ ನತದೃಷ್ಟ ಇನ್ನೊಬ್ಬನಿದ್ದಾನೆಯೇ ಎಂದು ಅವನು ಕೇಳಿದಾಗ. ನಳನೂ ಜೂಜಿನಲ್ಲೇ ರಾಜ್ಯ ಕಳೆದುಕೊಂಡವನು ಎಂಬುದು ಆಗ ನಮ್ಮ ಎದೆಗೆ ತಟ್ಟುತ್ತದೆ. ಕಥೆ ಅದೇ. ಕೇಳುತ್ತಿರುವವನು ಯಾರೆಂದು ತಿಳಿದ ಕೂಡಲೇ ಬೇರೆ ಕಥೆ.

ಕೇಳುವವನನ್ನು ಮರೆತರೆ ಎಂಥ ತಮಾಷೆಗಳಾಗುತ್ತವೆ ನೋಡಿ. ಕೆಲವು ವರ್ಷಗಳ ಹಿಂದೆ ದೇವಸ್ಥಾನ ಕಟ್ಟಲು ಹಣ ಕೂಡಿಸುವ ಒಂದು ಭೋಜನಕೂಟಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ನಿರೂಪಕರು ಭಾವುಕರಾಗಿ, ದೇಹವೇ ದೇಗುಲ, ಕಾಲೇ ಕಂಬ ಎಂಬ ಅರ್ಥದ ಬಸವಣ್ಣನವರ ವಚನದ ನಡುಭಾಗವನ್ನಷ್ಟೇ ಹೇಳಿ, ದಾನ ಮಾಡುವವರು ಮುಂದೆ ಬನ್ನಿ ಎಂದರು. ಆ ವಚನ ಶುರುವಾಗುವುದು ಹಣವಿದ್ದವರು ಗುಡಿ ಕಟ್ಟುತ್ತಾರೆ, ನಾನು ಬಡವ ಏನು ಮಾಡಲಿ ಎಂದು. ಮುಗಿಯುವುದು ನಿಂತಿರುವುದು ಅಳಿಯುತ್ತದೆ, ಚಲಿಸುವುದು ಅಳಿಯುವುದಿಲ್ಲ ಎಂದು! ಹನ್ನೆರಡನೇ ಶತಮಾನದಲ್ಲಿ ಕಲ್ಲಿನ ಗುಡಿ ಕಟ್ಟಿಸುವವರ ಎದುರಿಗೆ ನಿಂತು ಹೇಳಿದ ಮಾತು ಅದು. ಪೂರ್ತಿ ಹೇಳಿದ್ದರೆ ಚೆಕ್‌ಬುಕ್ಕುಗಳು ಜೇಬಿಗೆ ವಾಪಸು ಹೋಗುತ್ತಿದ್ದವೋ ಏನೋ. ರಾಮಾನುಜನ್ ಅವರು 1973ರಲ್ಲಿ ಹೊರತಂದ ವಚನಗಳ ಇಂಗ್ಲಿಷ್ ಪುಸ್ತಕದ ಮುನ್ನುಡಿಯಲ್ಲಿ ಮೊದಲು ಬಿಡಿಸಿಟ್ಟಿದ್ದೇ ಈ ವಚನವನ್ನು. ನನ್ನ ಪಕ್ಕದಲ್ಲಿ ಕೂತಿದ್ದವರಿಗೆ ಇದನ್ನು ಪಿಸುಗುಟ್ಟಿದೆ. ಅವರು, 'ಊಟ ಮಾಡಿ ಸಾರ್, ಹೋಳಿಗೆ ಬಿಸಿ ಇದೆ' ಎಂದರು. ಅವರು ಹೇಳಿದ್ದೂ ಸಂದರ್ಭೋಚಿತವೇ.

ಇನ್ನು ಮಕ್ಕಳ ವಿಷಯಕ್ಕೆ ಬರೋಣ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ನಾನೂ ಆಗಾಗ ಕೈಜೋಡಿಸುತ್ತೇನೆ. ಹುಯಿಲಗೋಳ ನಾರಾಯಣರಾಯರ ಹಾಡನ್ನು ರಾಜ್ಯೋತ್ಸವಕ್ಕೆ ಕಲಿಸುವಾಗ ಒಬ್ಬ ಹುಡುಗ ಕೇಳಿದ: 'ಅಂಕಲ್, ಕರ್ನಾಟಕ ಆಲ್ರೆಡಿ ಇದೆಯಲ್ಲ, ಉದಯಿಸಲಿ ಅಂತ ಯಾಕೆ ಕೇಳಬೇಕು?' ನಾನು ಎಷ್ಟು ವರ್ಷ ಎದ್ದು ನಿಂತು ಅದನ್ನು ಹಾಡಿದ್ದೇನೆ, ಒಂದು ದಿನವೂ ನನಗೆ ಆ ಪ್ರಶ್ನೆ ಬರಲಿಲ್ಲ! ಬೋರ್ಡಿನ ಮೇಲೆ ನಕ್ಷೆ ಬರೆದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಮುಂಬಯಿ ಪ್ರಾಂತಕ್ಕೆ. ಮಂಗಳೂರು, ಬಳ್ಳಾರಿ ಮದ್ರಾಸಿಗೆ. ಬೀದರ, ಗುಲಬರ್ಗಾ, ರಾಯಚೂರು ನಿಜಾಮರಿಗೆ. ಮೈಸೂರು ಮಹಾರಾಜರದು, ಕೊಡಗು ಬೇರೆಯೇ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಆ ಅಧಿವೇಶನದಲ್ಲಿ ಈ ಹಾಡನ್ನು ಹಾಡಿದಾಗ ಕನ್ನಡನಾಡು ನಕ್ಷೆಯಲ್ಲಿ ಇರಲೇ ಇಲ್ಲ. ಅದು ಹುಟ್ಟಿದ್ದು ಮೂವತ್ತೆರಡು ವರ್ಷಗಳ ನಂತರ, 1956ರ ನವೆಂಬರ್ 1ರಂದು. ಇಲ್ಲದ ನಾಡಿನ ಹಾಡು ಅದು ಎಂದೆ. ಹುಡುಗ, 'ಓ, ದೆನ್ ಇಟ್ ಈಸ್ ಎ ಪ್ರೇಯರ್' ಎಂದು ತಾನೇ ತಿಳಿದುಕೊಂಡ.

ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯ (1942) ಬಳೆಗಾರ ಚೆನ್ನಯ್ಯನ ಕಥೆಯೂ ಹೀಗೆಯೇ. ತವರಿಗೆ ಹೋಗಿರುವ ಹೆಂಡತಿಯ ಸುದ್ದಿಯನ್ನು ಬಳೆ ಮಾರುವವನು ಬಂದು ಗಂಡನಿಗೆ ಯಾಕೆ ಹೇಳಬೇಕು, ಅವಳೇ ಟೆಕ್ಸ್ಟ್ ಮಾಡಬಹುದಲ್ಲ? ಫೋನಿಲ್ಲದ ಕಾಲ ಎಂದರೆ ಅರ್ಧ ಉತ್ತರವಾಯಿತು. ಊರಿಂದ ಊರಿಗೆ ನಡೆಯುವವನು, ಹೆಂಗಸರಿರುವ ಒಳಮನೆಯ ತನಕ ಹೋಗಬಲ್ಲವನು, ಅವರ ಕೈಹಿಡಿದು ಬಳೆ ತೊಡಿಸುವಾಗ ಸುಖದುಃಖ ಕೇಳಬಲ್ಲ ಪರಗಂಡಸು ಅವನೊಬ್ಬನೇ ಎಂದು ಹೇಳಿದಾಗ ಮಕ್ಕಳು ಕಿವಿ ನೆಟ್ಟಗೆ ಮಾಡಿದವು. 'ಸೋ ಹಿ ಈಸ್ ದ ಗ್ರೂಪ್ ಚಾಟ್' ಎಂದಳು ಒಂಬತ್ತು ವರ್ಷದ ಒಬ್ಬಳು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಇಷ್ಟೆಲ್ಲ ಸಲೀಸು. ಕಷ್ಟವಿರುವುದು ಮುಂದೆ. ನಾವು ಮಕ್ಕಳಿಗೆ ಹೇಳುವ ಸಂದರ್ಭ ಯಾವಾಗಲೂ ಸುಂದರವಾದದ್ದೇ ಆಗಿರುತ್ತದೆ. ಬಳೆಗಾರ, ಮಲ್ಲಿಗೆ, ಮಾವನ ಮನೆ. ಹೇಳಲು ಮುಜುಗರವಾಗುವ ಸಂದರ್ಭ ಬಂದಾಗ ನಾವು ಏನು ಮಾಡುತ್ತೇವೆ? ನಾನು ಏನು ಮಾಡಿದೆ ಎಂದು ಹೇಳಿಬಿಡುತ್ತೇನೆ.

2021ರಲ್ಲಿ ನನ್ನ ಮಗಳು ಕಾಲೇಜಿನ ಎರಡನೇ ವರ್ಷ. ಕೋವಿಡ್ಡಿನಿಂದಾಗಿ ಮನೆಯಲ್ಲೇ ಕೂತು ಆನ್‌ಲೈನ್ ಕ್ಲಾಸು. ಆ ಸೆಮಿಸ್ಟರಿನಲ್ಲಿ ಅವಳಿಗೆ ಅನಂತಮೂರ್ತಿಯವರ 'ಸಂಸ್ಕಾರ' ಪಠ್ಯವಾಗಿತ್ತು, ರಾಮಾನುಜನ್ ಅವರ 1976ರ ಅನುವಾದ. ನಮ್ಮ ಮನೆಯ ಕಪಾಟಿನಲ್ಲಿ ಕನ್ನಡದ್ದೇ ಇತ್ತು, ಧೂಳು ಹಿಡಿದಿತ್ತು. ಅವಳ ಪುಸ್ತಕದ ಶುರುವಿನಲ್ಲೇ ಕಿಟೆಲ್ ನಿಘಂಟಿನಿಂದ ಆ ಒಂದು ಶಬ್ದದ ಅರ್ಥಗಳನ್ನೆಲ್ಲ ಕೊಟ್ಟಿದ್ದಾರೆ. ಶುದ್ಧಿ ಮಾಡುವುದು, ತಿದ್ದುವುದು, ಕರ್ಮ, ಶವಸಂಸ್ಕಾರ... ಅನುವಾದಕನಿಗೆ ಗೊತ್ತು, ಪರದೇಶದ ಓದುಗನಿಗೆ ಬಾಗಿಲಲ್ಲೇ ದೀಪ ಹಿಡಿಯಬೇಕೆಂದು.

ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. 'ಅಪ್ಪಾ, ನಾರಣಪ್ಪ ಸತ್ತಿದ್ದಾನೆ. ಹೆಣ ಕೊಳೆಯುತ್ತಿದೆ. ಇವರೆಲ್ಲ ಯಾರು ಬೆಂಕಿ ಕೊಡಬೇಕು ಎಂದು ವಾದ ಮಾಡುತ್ತಾ ಕೂತಿದ್ದಾರೆ. ಇಷ್ಟು ಸ್ಟುಪಿಡ್ ಆಗಿರಲು ಹೇಗೆ ಸಾಧ್ಯ? ನಮ್ಮ ಮನೆಯವರೂ ಹೀಗಿದ್ದರಾ?' ನಾನು ಹೇಳಿದೆ, 'ಇಲ್ಲಮ್ಮ, ಅದೆಲ್ಲ ಬಹಳ ಹಳೆಯ ಕಾಲ. ಎಲ್ಲೋ ಮಲೆನಾಡಿನ ಅಗ್ರಹಾರ. ಲೇಖಕರು ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದಾರೆ.'

ಹೇಳಿದ್ದು ಸುಳ್ಳು. ನನ್ನ ಅಮ್ಮನ ತವರಿನಲ್ಲಿ ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಹಿತ್ತಲ ಕೋಣೆಯಲ್ಲಿ ಎಪ್ಪತ್ತು ವರ್ಷ ಬದುಕಿದ ಒಬ್ಬ ಮಡಿ ಅಜ್ಜಿಯನ್ನು ನಾನೇ ಕಂಡಿದ್ದೇನೆ. ಆಕೆಯ ಕೈಯಿಂದ ಅವಲಕ್ಕಿ ತಿಂದಿದ್ದೇನೆ. ಶವ ಮನೆಯಲ್ಲಿರುವಾಗ ಅಗ್ರಹಾರಕ್ಕೆ ಅಗ್ರಹಾರವೇ ಒಲೆ ಹಚ್ಚಬಾರದೆಂಬ ನಿಯಮ, ಸತ್ತವನನ್ನು ಮುಟ್ಟಿದರೆ ಯಾರಿಗೆ ಏನು ತಗುಲುತ್ತದೆಂಬ ಲೆಕ್ಕ, ಇವೆಲ್ಲ ನಾನು ಹುಟ್ಟುವಾಗಲೂ ಜೀವಂತವಾಗಿದ್ದವು. ಆದರೆ ಅವಳ ಅಮೆರಿಕನ್ ಕ್ಲಾಸ್‌ಮೇಟುಗಳ ಮುಂದೆ ನಮ್ಮ ಮರ್ಯಾದೆ ಏನಾಗಬೇಕು ಎಂದು ಹೆದರಿ, ಸಂದರ್ಭವನ್ನು ಕಾರ್ಪೆಟ್ಟಿನ ಕೆಳಗೆ ತಳ್ಳಿದೆ.

ಅದೇ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನನ್ನ ಚಿಕ್ಕಪ್ಪ ಕೋವಿಡ್ಡಿನಿಂದ ಹೋದರು. ಎರಡನೇ ಅಲೆಯ ದಿನಗಳು. ಸ್ವಂತ ಮಕ್ಕಳೂ ಹತ್ತಿರ ಹೋಗುವಂತಿಲ್ಲ. ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡ ಯಾರೋ ಹುಡುಗರು, ಹೆಸರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಎತ್ತಿಕೊಂಡು ಹೋಗಿ ಬೆಂಕಿ ಕೊಟ್ಟರು. ನಾವು ಅದನ್ನು ವಾಟ್ಸಾಪ್ ವಿಡಿಯೋದಲ್ಲಿ ಕಂಡೆವು. ಮಗಳು ನನ್ನ ಹಿಂದೆ ನಿಂತು ನೋಡುತ್ತಿದ್ದಳು. ಆಮೇಲೆ ತನ್ನ ರೂಮಿಗೆ ಹೋಗಿ ಕಾದಂಬರಿಯನ್ನು ಮತ್ತೆ ಮೊದಲಿನಿಂದ ಓದಿದಳು. ಮರುದಿನ ಹೇಳಿದಳು, 'ಇವರು ಸ್ಟುಪಿಡ್ ಅಲ್ಲ ಅಪ್ಪಾ. ಹೆದರಿದ್ದಾರೆ. ಕೊನೆಗೆ ಹೆಣ ಸುಡುವವನು ಒಬ್ಬ ಮುಸ್ಲಿಂ ವ್ಯಾಪಾರಿ, ಕೇಳಿಕೊಳ್ಳುವವಳು ಚಂದ್ರಿ. ಶಾಸ್ತ್ರ ಓದಿದವರು ಯಾರೂ ಅಲ್ಲ.' ಆ ಸತ್ತ ಇಲಿಗಳ ಅರ್ಥವೂ ಅವಳಿಗೆ ಆಗ ಹೊಳೆಯಿತು. ಇಲಿ ಬಿದ್ದರೆ ಪ್ಲೇಗು ಬಂತೆಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ಅವಳಿಗೆ ಹೇಳಿದ್ದು ನಾನಲ್ಲ. ಧಾರವಾಡದಿಂದ ಫೋನಿನಲ್ಲಿ ಅವಳ ಅಜ್ಜಿ. ಆ ಮಡಿ ಅಜ್ಜಿಯ ಕಥೆಯನ್ನೂ ಅವಳೇ ಹೇಳಿದಳು. ಆಕೆಗೆ ತಲೆ ಬೋಳಿಸಿದಾಗ ಹದಿಮೂರು ವರ್ಷವಂತೆ. ಮಗಳು ಫೋನಿಟ್ಟು ಬಂದು ನನ್ನ ಮುಖ ನೋಡಿದಳು. ನಾನು ಹಿತ್ತಲಿಗೆ ಹೋದೆ.

ಇದರಲ್ಲಿ ಇನ್ನೊಂದು ಮಾತಿದೆ. 'ಸಂಸ್ಕಾರ' 1965ರಲ್ಲಿ ಪ್ರಕಟವಾದದ್ದು. ಅನಂತಮೂರ್ತಿಯವರು ಅದನ್ನು ಬರೆದದ್ದು ತೀರ್ಥಹಳ್ಳಿಯ ಜಗಲಿಯಲ್ಲಿ ಕೂತಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ತಮ್ಮ ಮಾರ್ಗದರ್ಶಕ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ 'ಸೆವೆಂತ್ ಸೀಲ್' ಸಿನಿಮಾ ನೋಡಿ ಬಂದದ್ದೇ ಅದಕ್ಕೆ ಕಿಡಿಯಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅದೂ ಪ್ಲೇಗಿನ ಕಾಲದ ಕಥೆಯೇ. ಅಂದರೆ, ಊರು ಬಿಟ್ಟು ಬಂದವನೊಬ್ಬ ದೂರದಲ್ಲಿ ನಿಂತು ತನ್ನ ಅಗ್ರಹಾರವನ್ನು ತಿರುಗಿ ನೋಡಿದ ಪುಸ್ತಕ ಅದು. ನಮ್ಮಂಥವರು ಬರೆದದ್ದು ಎಂದರೂ ತಪ್ಪಿಲ್ಲ! 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಸಿನಿಮಾ ಮಾಡಿದಾಗ ಸೆನ್ಸಾರಿನವರು ಮೊದಲು ತಡೆದರು, ಕೊನೆಗೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಇತ್ತ ವಿ.ಎಸ್. ನೈಪಾಲ್ ಅವರು 1977ರ ತಮ್ಮ ಪುಸ್ತಕದಲ್ಲ��� ಇದೇ ಕಾದಂಬರಿಯನ್ನು ಎತ್ತಿಕೊಂಡು, ಹಿಂದೂ ಮನಸ್ಸೆಂದರೆ ಹೀಗೆಯೇ ನೋಡಿ ಎಂದು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿದರು. ಆ ಮನಸ್ಸನ್ನು ಒಳಗಿನಿಂದಲೇ ಪ್ರಶ್ನಿಸಲು ಒಬ್ಬ ಕನ್ನಡಿಗ ಬರೆದದ್ದು, ಆ ಪ್ರಶ್ನೆ ಕೇಳುವುದೂ ಅದೇ ಮನಸ್ಸೇ ಎಂಬ ಸಂದರ್ಭ ಅವರ ಕೈತಪ್ಪಿತು ಎಂದು ನನ್ನ ಅನಿಸಿಕೆ. ನೈಪಾಲ್ ಸಂದರ್ಭ ಬಿಟ್ಟು ದೂಷಿಸಿದರು, ನಾನು ಸಂದರ್ಭ ಬಿಟ್ಟು ಸಮರ್ಥಿಸಿದೆ. ಮಗಳಿಗೆ ಇಬ್ಬರಿಂದಲೂ ಪ್ರಯೋಜನವಾಗಲಿಲ್ಲ.

ನಮ್ಮಲ್ಲಿ ಕೆಲವು ಹಿರಿಯರಿಗೆ ಇನ್ನೊಂದು ಅಭ್ಯಾಸವಿದೆ. ಮಕ್ಕಳು ಏನಾದರೂ ಕೇಳಿದರೆ, 'ನಿನಗೆ ಅರ್ಥವಾಗಲ್ಲ ಬಿಡು, ನೀನು ಅಲ್ಲಿ ಬೆಳೆದವನಲ್ಲ' ಎಂದುಬಿಡುವುದು. ಇದು ಸಂದರ್ಭವನ್ನು ಬಾಗಿಲಿನ ಬದಲು ಬೀಗ ಮಾಡಿಕೊಂಡ ಹಾಗೆ. ಪಂಪ ಬರೆದದ್ದು ಹತ್ತನೇ ಶತಮಾನದಲ್ಲಿ. ಅಲ್ಲಿ ಬೆಳೆದವರು ಯಾರಿದ್ದೀರಿ, ಕೈ ಎತ್ತಿ ನೋಡೋಣ! ನಮಗೂ ಯಾರೋ ಮೇಷ್ಟ್ರು ಹೇಳಿಕೊಟ್ಟಿದ್ದಕ್ಕೇ ತಿಳಿಯಿತು. ಸಾಹಿತ್ಯ ಇವತ್ತು ಯೂಟ್ಯೂಬಿನಲ್ಲಿ ಸಿಗುತ್ತದೆ, ಸಾಲುಗಳು ಇಂಟರ್‌ನೆಟ್ಟಿನಲ್ಲಿ ಇಂಗ್ಲಿಷ್ ಲಿಪಿಯಲ್ಲೂ ಸಿಗುತ್ತವೆ. ಬಳೆಗಾರ ಯಾವ ಬಾಗಿಲಿನ ತನಕ ಬರುತ್ತಿದ್ದ, ಮಡಿ ಅಜ್ಜಿ ಎಲ್ಲಿ ಮಲಗುತ್ತಿದ್ದಳು ಎಂಬುದು ಸಿಗುವುದು ನಮ್ಮ ತಂದೆತಾಯಿಯರ ಬಾಯಲ್ಲಿ ಮಾತ್ರ. ಅವರಿಗೆ ವಯಸ್ಸಾಗುತ್ತಿದೆ. ವೀಸಾ ಮೇಲೆ ಬರುವ ಆರು ತಿಂಗಳನ್ನು ಅವರು ನಮ್ಮ ಮನೆಗಳಲ್ಲಿ ಟಿವಿ ಸೀರಿಯಲ್ ನೋಡುತ್ತಾ, ಕೊತ್ತಂಬರಿ ಸೋಸುತ್ತಾ ಕಳೆಯುತ್ತಾರೆ. ಭಾನುವಾರದ ಕ್ಲಾಸಿಗೆ ಒಬ್ಬರನ್ನಾದರೂ ಕರೆತರಬಾರದೇ? ಪಾಠ ಮಾಡುವುದು ಬೇಡ. ಮಕ್ಕಳು ಕೇಳುತ್ತಾರೆ, ಅವರು ಹೇಳಲಿ.

ಕಳೆದ ತಿಂಗಳ ಸಮಿತಿ ಸಭೆಯಲ್ಲಿ ನಾನೊಂದು ಸಲಹೆ ಮುಂದಿಟ್ಟೆ. ಹಾಡು, ಪದ್ಯ, ವಚನ ಏನೇ ಇರಲಿ, ಅದಕ್ಕೆ ಮುಂಚೆ ಒಂದು ನಿಮಿಷ ಅದರ ಸಂದರ್ಭ ಹೇಳೋಣ. ಯಾರು, ಯಾರಿಗೆ, ಯಾವಾಗ. ಕನ್ನಡದಲ್ಲಿ, ಬೇಕಿದ್ದರೆ ಮಕ್ಕಳಿಗಾಗಿ ಎರಡು ವಾಕ್ಯ ಇಂಗ್ಲಿಷಿನಲ್ಲಿ. ದೀರ್ಘ ಚರ್ಚೆಯಾಯಿತು. ಮೂವತ್ತು ಐಟಮ್ಮಿಗೆ ಮೂವತ್ತು ನಿಮಿಷ ಹೋಗುತ್ತದೆ, ಊಟ ತಣ್ಣಗಾಗುತ್ತದೆ ಎಂದು ಖಜಾಂಚಿಯವರು ಲೆಕ್ಕ ತೋರಿಸಿದರು. ಕೊನೆಗೆ ಮೂವತ್ತು ಸೆಕೆಂಡಿಗೆ ಒಪ್ಪಂದವಾಯಿತು. ಸದ್ಯಕ್ಕೆ ಸಾಕು. ನಾನು ಹಟ ಹಿಡಿದದ್ದು ಇನ್ನೊಂದಕ್ಕೆ - ಒಂದೇ ಒಂದು ಹಾಡಿಗೆ ಏಳೂವರೆ ನಿಮಿಷ ಬೇಕು, ಕತ್ತರಿ ಹಾಕುವಂತಿಲ್ಲ. ಅದನ್ನೂ ಕೊಟ್ಟರು. ಹಾಡುವವರು 2014ರಲ್ಲಿ ಹಾಡಿದ ಅದೇ ದಂಪತಿ. ಈಗ ಅವರಿಗೆ ಇಬ್ಬರು ಮಕ್ಕಳು. ಹಾಡಿನ ಪೂರ್ತಿ ಪಾಠ ಕಳಿಸಿದಾಗ ಎರಡು ದಿನ ಉತ್ತರವೇ ಇರಲಿಲ್ಲ. ಮೂರನೇ ದಿನ ಆಕೆಯೇ ಫೋನ್ ಮಾಡಿ, ಗಿಟಾರ್ ಬೇಡ, ತಂಬೂರಿ ಸಾಕು ಎಂದರು.

ಅಮ್ಮನಿಗೆ ಈಗ ಎಂಬತ್ತನಾಲ್ಕು. ಅಷ್ಟು ದೂರ ವಿಮಾನದಲ್ಲಿ ಬರುವ ಶಕ್ತಿ ಇಲ್ಲ. ವಿಡಿಯೋದಲ್ಲಿ ತೋರಿಸುತ್ತೇನೆ, ಅಲ್ಲಿ ಬೆಳಗಿನ ಜಾವವಾಗಿರುತ್ತದೆ, ಎದ್ದಿರುತ್ತೀಯಾ ಎಂದು ಕೇಳಿದೆ. ಎಷ್ಟು ನುಡಿ ಹಾಡುತ್ತಾರೆ ಎಂದಳು. ಪೂರ್ತಿ ಎಂದೆ.

'ಹಂಗಾರ ಎದ್ದಿರತೀನಿ. ಶ್ರುತಿ ಭಾಳ ಏರಿಸಬ್ಯಾಡ ಅಂತ ಆ ಹುಡುಗಿಗೆ ಹೇಳು' ಎಂದಳು.